54 ಮೈಲಿ ನಡೆದಿದ್ದು ನಾನು, ನಡೆಸಿದ್ದು ಹೆಂಡ್ತಿ

ಅಲಬಾಮಾದ ಮಾಂಟ್ಗೊಮರಿಗೆ ಕೆಲ್ಸಕ್ಕೆ ಬಂದು ಮೂರು ವರ್ಷ ಆಗಿತ್ತು. 1965ರ ಮಾರ್ಚ್‌ನಲ್ಲಿ ಕಪ್ಪು ಜನ ವೋಟಿನ ಹಕ್ಕಿಗೋಸ್ಕರ ಸೆಲ್ಮಾದಿಂದ ಇಲ್ಲೀವರೆಗೂ ನಡ್ಕೊಂಡು ಬಂದ ಹೈವೇ 80ರಲ್ಲಿ ಎಷ್ಟೋ ಸಲ ಕಾರಲ್ಲಿ ಓಡಾಡಿದ್ದೆ, ಒಂದ್ಸಲ ನಡೆದೇ ಬಿಡೋಣ ಅನ್ನಿಸ್ತು. ಅವ್ರು ಐದು ದಿನ ತಗೊಂಡ್ರು, ನಾನು ನಾಲ್ಕು ಶನಿವಾರ.

ಅವ್ರು ಹೊರಟ ಸೆಲ್ಮಾದ ಬ್ರೌನ್ ಚಾಪೆಲ್ ಚರ್ಚ್ ಹತ್ರಾನೇ ಶುರು ಮಾಡ್ದೆ. ಎಡ್ಮಂಡ್ ಪೆಟಸ್ ಸೇತುವೆ ಮಧ್ಯದಲ್ಲಿ ಉಬ್ಬಿದೆ, ಹತ್ತೋವಾಗ ಆಕಡೆ ಏನೂ ಕಾಣಲ್ಲ. ಮಾರ್ಚ್ 7ನೇ ತಾರೀಖು, ಮೊದಲ್ನೇ ಪ್ರಯತ್ನದಲ್ಲಿ, ಹೋರಾಟದ ಮುಂದಾಳುಗಳು ಜಾನ್ ಲೂಯಿಸ್, ಹೊಸಿಯಾ ವಿಲಿಯಮ್ಸ್ ಹಿಂದೆ ಬಂದ ಸುಮಾರು 600 ಜನಕ್ಕೆ ಇದೇ ಉಬ್ಬಿನ ಮೇಲಿಂದ ಕೆಳಗೆ ಸಾಲಾಗಿ ನಿಂತ ಪೊಲೀಸ್ರು ಕಂಡಿದ್ದು. ಅವತ್ತು ಹೊಡೆದು ವಾಪಸ್ ಅಟ್ಟಿದ್ರು, ಎರಡು ವಾರ ಬಿಟ್ಟು ಮತ್ತೆ ಹೊರಟೋರೇ ಮಾಂಟ್ಗೊಮರಿ ಮುಟ್ಟಿದ್ದು. ನಂಗೆ ಕಂಡಿದ್ದು ನಮ್ ಕಾರು, ಅದಕ್ಕೆ ಒರಗಿ ಫೋನ್ ನೋಡ್ತಿದ್ದ ಹೆಂಡ್ತಿ.

ತಪ್ಪು ಮಾಡಿದ್ದು ಅಂದ್ರೆ ಹೊಸ ಶೂ, ಕೈಯಲ್ಲಿ ಒಂದೇ ಒಂದು ಸಣ್ಣ ಬಾಟ್ಲಿ ನೀರು. ಒಂಬತ್ತು ಮೈಲಿಗೆ ಹಿಮ್ಮಡೀಲಿ ಬೊಬ್ಬೆ. ಧರ್ಮಸ್ಥಳಕ್ಕೆ ಪಾದಯಾತ್ರೆ ಹೋದಾಗ ದಾರಿಯುದ್ದಕ್ಕೂ ಯಾರಾದ್ರೂ ಮಜ್ಜಿಗೆ ಕೊಡೋರು, ಆ ಅಭ್ಯಾಸ ನಂದು, ಇಲ್ಲಿ ಬರೀ ಹುಲ್ಲು, ಲಾರಿ ಬೀಸೋ ಗಾಳಿ. "ರೀ, ನೀರು, ಊಟ, ಬಾತ್‌ರೂಮು ಯಾವ್ದೂ ಯೋಚ್ನೆ ಮಾಡ್ದೆ ಹೊರಟ್ಬಿಟ್ರಲ್ಲ" ಅಂತ ಬೈದು ಅವ್ಳೇ ಮುಂದಿನ ವಾರದಿಂದ ಎರಡೆರಡು ಮೈಲಿಗೊಂದ್ಸಲ ಕಾರು ನಿಲ್ಸೋ ಪ್ಲಾನ್ ಹಾಕಿದ್ಲು.

ಆಮೇಲೆ ಓದ್ದೆ, ಆಗ ಇದನ್ನೆಲ್ಲ ಹೆಂಗೆ ನಿಭಾಯಿಸಿದ್ರು ಅಂತ. ಸೆಲ್ಮಾದ ಗ್ರೀನ್ ಸ್ಟ್ರೀಟ್ ಬ್ಯಾಪ್ಟಿಸ್ಟ್ ಚರ್ಚಲ್ಲಿ ಅಡುಗೆ, ಸ್ಪಗೆಟಿಯನ್ನ ಹೊಸಾ ತಗಡಿನ ಕಸದ ಡಬ್ಬಿಗಳಿಗೆ ತುಂಬ್ಸಿ ಟ್ರಕ್ಕಲ್ಲಿ ಕಳ್ಸೋದು! ಟೆಂಟು ಹೊತ್ತ ಟ್ರಕ್ಕು ಮೊದ್ಲೇ ಹೋಗೋದು. ರೋಡು ಎರಡೇ ಲೇನ್ ಇರೋ ಕಡೆ 300 ಜನಕ್ಕಿಂತ ಜಾಸ್ತಿ ನಡೀಬಾರ್ದು ಅಂತ ಜಡ್ಜ್ ಫ್ರಾಂಕ್ ಜಾನ್ಸನ್ ಆರ್ಡರ್ ಇತ್ತು, ಹಂಗಾಗಿ ಹೊರಟ ಮೂರು ಸಾವಿರ ಚಿಲ್ಲರೆ ಜನದಲ್ಲಿ ಹೆಚ್ಚಿನೋರನ್ನ ವಾಪಸ್ ಕಳ್ಸೋದೂ ಒಂದು ಕೆಲ್ಸ. ಫೋಟೋದಲ್ಲಿ ಮುಂದೆ ನಿಂತು ನಡೆಸಿದ ಮಾರ್ಟಿನ್ ಲೂಥರ್ ಕಿಂಗ್ ಕಾಣ್ತಾರೆ, ಡಬ್ಬಿ ಹೊತ್ತೋರು ಕಾಣಲ್ಲ, ನಂಗೆ ಬೇಜಾರಾಗೋದು ಅದೇ.

ಮೆರವಣಿಗೆಯೋರು ರಾತ್ರಿ ಮಲಗಿದ್ದು ಡೇವಿಡ್ ಹಾಲ್, ರೋಸಿ ಸ್ಟೀಲ್ ಅಂಥ ಕಪ್ಪು ರೈತರ ಹೊಲದಲ್ಲಿ, ಈಗ ಅಲ್ಲಿ ರೋಡ್ ಪಕ್ಕ ಬೋರ್ಡಿದೆ. ಸ್ಟೀಲ್ ಅವ್ರ ಹೊಲ ಇದ್ದ ಲೌಂಡ್ಸ್ ಕೌಂಟೀಲಿ (ನಮ್ ಜಿಲ್ಲೆ ಥರ) ಆ ವರ್ಷದ ಶುರುವಲ್ಲಿ ಒಬ್ಬನೇ ಒಬ್ಬ ಕಪ್ಪು ವೋಟರ್ ಇರ್ಲಿಲ್ಲ, ಅಂಥ ಕಡೆ ಜಾಗ ಕೊಡೋದು ಅಂದ್ರೆ ಸುಮ್ನೆ ಅಲ್ಲ. ಯುವ ಹೋರಾಟಗಾರ ಸ್ಟೋಕ್ಲಿ ಕಾರ್ಮೈಕಲ್ ನಡೀತಾ ನಡೀತಾ ದಾರಿ ಬದಿ ಜನದ ಹೆಸ್ರು ವಿಳಾಸ ಬರ್ಕೊಂಡ್ರಂತೆ, ಮೆರವಣಿಗೆ ಮುಗಿದ್ಮೇಲೆ ಅಲ್ಲಿಗೇ ವಾಪಸ್ ಬಂದು ಸಂಘಟನೆಗೆ ಕೂತ್ರು. ವೋಟರ್ ಲಿಸ್ಟಿಗೆ ಸೇರಿದ್ದಕ್ಕೆ ಜಮೀನ್ದಾರ್ರು ಹೊರಗೆ ಹಾಕಿದ ಕುಟುಂಬಗಳು ಟೆಂಟಲ್ಲಿ ಬದುಕಿದ್ದ ಜಾಗದಲ್ಲಿ ಈಗ ಮ್ಯೂಸಿಯಂ ಇದೆ, ಅಲ್ಲಿ ಕೂತು ಬ್ಯಾಂಡೇಜ್ ಬದ್ಲಾಯ್ಸ್ದೆ.

ಮೂರನೇ ಶನಿವಾರ ವಯೋಲಾ ಲಿಯುಝೋ ಸ್ಮಾರಕ, ಕಬ್ಬಿಣದ ಬೇಲಿಯೊಳಗೆ ಒಂದು ಕಲ್ಲು. ಡೆಟ್ರಾಯ್ಟ್‌ನಿಂದ ಬಂದ ಬಿಳಿ ಹೆಂಗಸು, ಐದು ಮಕ್ಕಳ ತಾಯಿ, ಮಾರ್ಚ್ 25ರ ರಾತ್ರಿ ಮೆರವಣಿಗೆಗೆ ಬಂದೋರನ್ನ ಕಾರಲ್ಲಿ ವಾಪಸ್ ಬಿಡ್ತಿದ್ದಾಗ ಕಪ್ಪು ಜನರನ್ನ ದ್ವೇಷಿಸೋ ಕು ಕ್ಲಕ್ಸ್ ಕ್ಲಾನ್ ಗುಂಪಿನೋರು ಗುಂಡು ಹೊಡೆದು ಕೊಂದ್ರು. ಹೆಂಡ್ತಿ ಕಾರಿಂದ ಇಳಿದು ನನಗಿಂತ ಜಾಸ್ತಿ ಹೊತ್ತು ಅಲ್ಲೇ ನಿಂತಿದ್ಲು. "ಇವ್ರೂ ಕಾರು ಓಡಿಸ್ತಿದ್ದೋರೇ ಅಲ್ವೇನ್ರೀ" ಅಂದ್ಲು.

ಕೊನೇ ಶನಿವಾರ ಮೆರವಣಿಗೆಯೋರು ಕೊನೇ ರಾತ್ರಿ ಕಳೆದ ಮಾಂಟ್ಗೊಮರಿಯ ಸೇಂಟ್ ಜೂಡ್ ಹತ್ರ ಕಾರು ಬಿಟ್ಟು, ರಾಜ್ಯ ಸರ್ಕಾರದ ಕ್ಯಾಪಿಟಲ್ ಕಟ್ಟಡದವರೆಗೂ ಅವ್ಳೂ ನಡೆದ್ಲು. ವಾಪಸ್ ಊಬರ್ ಹಿಡಿದ್ವಿ.