ಎಚ್ಚರದಲ್ಲೇ ಕೈ ಆಪರೇಷನ್: ನಾನು ಮಾಡುವ ಕ್ರಮ

ಎಚ್ಚರವಿದ್ದೇ ಕೈ ಆಪರೇಷನ್ ಮಾಡಿಸಿಕೊಂಡವರನ್ನು ಆಮೇಲೆ ಕೇಳಿದರೆ, ಕೊಯ್ದದ್ದರ ಮಾತು ಕಡಿಮೆ. ಅರಿವಳಿಕೆ ಚುಚ್ಚಿದ್ದೇ ನೆನಪಿರುತ್ತದೆ. ಆದ್ದರಿಂದ ನನ್ನ ಗಮನವೆಲ್ಲ ಸೂಜಿಯ ಮೇಲೆ.

ಬಳಸುವುದು ಮರಗಟ್ಟಿಸುವ ಮದ್ದು 1% ಲಿಡೊಕೇನ್ (1 ಮಿ.ಲೀ.ಯಲ್ಲಿ 10 ಮಿ.ಗ್ರಾಂ), ಜೊತೆಗೆ ರಕ್ತನಾಳ ಬಿಗಿಸುವ 1:1,00,000 ಅಡ್ರಿನಲಿನ್. ಈ ಮಿಶ್ರಣದಲ್ಲಿ ಆಮ್ಲ ಹೆಚ್ಚು, ಉರಿಯುವುದು ಅದಕ್ಕೇ. 10 ಮಿ.ಲೀ.ಗೆ 8.4% ಸೋಡಿಯಂ ಬೈಕಾರ್ಬೊನೇಟ್ 1 ಮಿ.ಲೀ. ಸೇರಿಸಿದರೆ ಉರಿ ಬಹಳ ಇಳಿಯುತ್ತದೆ. ಮದ್ದು ತಣ್ಣಗಿರಬಾರದು. ತೂಕದ ಪ್ರತಿ ಕೆ.ಜಿ.ಗೆ ಲಿಡೊಕೇನ್ 7 ಮಿ.ಗ್ರಾಂ ದಾಟುವಂತಿಲ್ಲ, 60 ಕೆ.ಜಿ.ಯವರಿಗೆ 420 ಮಿ.ಗ್ರಾಂ, ಅಂದರೆ 42 ಮಿ.ಲೀ. ಕಾರ್ಪಲ್ ಟನಲ್‌ಗೆ (ಮಣಿಕಟ್ಟಿನಲ್ಲಿ ನರ ಒತ್ತಿಹೋಗುವ ತೊಂದರೆ) ಸುಮಾರು 20, ಟ್ರಿಗರ್ ಫಿಂಗರ್‌ಗೆ (ಮಡಚಿದ ಬೆರಳು ಸಿಕ್ಕಿಕೊಳ್ಳುವ ತೊಂದರೆ) 4 ಮಿ.ಲೀ. ಸಾಕು.

ರೋಗಿಯನ್ನು ಮಲಗಿಸಿಯೇ ಚುಚ್ಚುತ್ತೇನೆ. ಕೂತವರು ತಲೆಸುತ್ತಿ ಬೀಳುವುದುಂಟು. 27 ಅಥವಾ 30 ಗೇಜ್‌ನ ತೀರಾ ಸಣ್ಣ ಸೂಜಿ, ಚರ್ಮಕ್ಕೆ ನೆಟ್ಟಗೆ. ಮೊದಲ ಅರ್ಧ ಮಿ.ಲೀ. ಚರ್ಮದಡಿ ಬಿಟ್ಟು, ಸೂಜಿಯನ್ನು ಅಲುಗಾಡಿಸದೆ ನಿಲ್ಲುತ್ತೇನೆ. 'ಚುಚ್ಚಿದ್ದು ಈಗ ಗೊತ್ತಾಗುತ್ತಿಲ್ಲ' ಎಂದ ಮೇಲೆಯೇ ಮುಂದೆ. ಆಮೇಲೂ ನಿಧಾನವೇ: ಮದ್ದಿನಿಂದ ಉಬ್ಬಿದ ಜಾಗ ಸೂಜಿಯ ಮೊನೆಗಿಂತ ಒಂದು ಸೆಂ.ಮೀ. ಮುಂದಿರಬೇಕು. ಮೊನೆ ಅದನ್ನು ದಾಟಿತೋ, ರೋಗಿ ಬೆಚ್ಚುತ್ತಾರೆ. ಬೆರಳಿಗೆ ಶಾಕ್ ಹೊಡೆದಂತಾದರೆ ನರ ತಾಗಿದೆ ಎಂದರ್ಥ, ಕೂಡಲೇ ಹಿಂದೆಗೆಯಬೇಕು.

ಬೇಗ ಮರಗಟ್ಟುತ್ತದೆ, ಆದರೆ ರಕ್ತನಾಳಗಳು ಚೆನ್ನಾಗಿ ಬಿಗಿಯಲು ಅರ್ಧ ಗಂಟೆ ಬೇಕು. ಕಾಯದೆ ಕೊಯ್ದರೆ ರಕ್ತದಲ್ಲಿ ಏನೂ ಕಾಣದು. ಕಾದರೆ ತೋಳಿಗೆ ರಕ್ತ ತಡೆಯಲು ಬಿಗಿಯುವ ಟೂರ್ನಿಕೆ ಪಟ್ಟಿ ಬೇಡ, ಅದರ ನೋವೂ ಇಲ್ಲ. ಅಡ್ರಿನಲಿನ್‌ನಿಂದ ಬೆರಳು ಸತ್ತುಹೋದೀತು ಎಂಬ ಹಳೆಯ ಭಯಕ್ಕೆ ಮದ್ದುಂಟು: ಬಿಗಿದ ರಕ್ತನಾಳ ಸಡಿಲಿಸುವ ಫೆಂಟೊಲಮಿನ್, ಕೈಗೆಟುಕುವಲ್ಲೇ ಇಟ್ಟಿರುತ್ತೇನೆ. ಬೆರಳಿನ ರಕ್ತಸಂಚಾರ ಮೊದಲೇ ಕೆಟ್ಟವರಿಗೆ ಈ ದಾರಿ ಹಿಡಿಯುವುದಿಲ್ಲ.

ಮುಂಚೆಯೇ ಹೇಳಿಬಿಡುವುದು: ಎಳೆತ, ಒತ್ತಡ ಗೊತ್ತಾಗುತ್ತದೆ, ಸ್ವಲ್ಪ ಹೊತ್ತು ಎದೆ ಡವಡವ ಎನ್ನಬಹುದು, ಅದು ಅಡ್ರಿನಲಿನ್. ಚುರುಕ್ಕೆಂದರೆ ಹಲ್ಲು ಕಚ್ಚಿ ತಡೆಯಬೇಡಿ, ಹೇಳಿ. ಇನ್ನಷ್ಟು ಮದ್ದು ಕೊಡುತ್ತೇವೆ. ನಮ್ಮವರಿಗೂ ಒಂದು ಮಾತು: ರೋಗಿಗೆ ಎಲ್ಲವೂ ಕೇಳಿಸುತ್ತದೆ, 'ಅಯ್ಯೋ' ಎಂಬ ಉದ್ಗಾರವೂ.

ಎಚ್ಚರದ ನಿಜವಾದ ಲಾಭ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹಗ್ಗ) ಹೊಲಿದಾಗ. 'ಬೆರಳು ಮಡಚಿ, ಬಿಡಿಸಿ' ಎಂದರೆ ಹೊಲಿಗೆ ಸಡಿಲಿ ಬಿರುಕು ಬಿಡುವುದು, ರಜ್ಜು ಜಾರುವ ಕೊಳವೆಯ ಅಂಚಿಗೆ ಅದು ಸಿಕ್ಕಿಕೊಳ್ಳುವುದು ಅಲ್ಲೇ ಕಾಣುತ್ತದೆ. ಚರ್ಮ ಮುಚ್ಚುವ ಮೊದಲೇ ಸರಿಪಡಿಸಬಹುದು. ನಿದ್ದೆ ಮಾಡಿಸಿದ ರೋಗಿಯಲ್ಲಿ ಇದು ಸಾಧ್ಯವಿಲ್ಲ.

ಮರಗಟ್ಟಿದ್ದು ಹಲವು ಗಂಟೆ ಇರುತ್ತದೆ. ಅದು ಇಳಿಯುವ ಮುಂಚೆಯೇ ನೋವಿನ ಮಾತ್ರೆ, ಕೈ ಎದೆಗಿಂತ ಮೇಲೆ. ಸ್ಪರ್ಶ ಮರಳುವ ತನಕ ಆ ಕೈಯಲ್ಲಿ ಬಿಸಿ ಪಾತ್ರೆ ಮುಟ್ಟಬಾರದು, ಸುಟ್ಟರೂ ತಿಳಿಯುವುದಿಲ್ಲ.