ಕೋಮಾದಲ್ಲಿರುವ ಮಗುವಿನ ಮೆದುಳಿನ ರಕ್ತಹರಿವು: ಡಾಪ್ಲರ್‌ನಲ್ಲಿ ನೋಡುವ ಕ್ರಮ

ಜಗಳೂರು, ಮೊಳಕಾಲ್ಮೂರು ಕಡೆಯಿಂದ ಮೆದುಳು ಜ್ವರವೆಂದು ದಾವಣಗೆರೆಯ ಮಕ್ಕಳ ಐಸಿಯುಗೆ ಬಂದ ಮಗುವನ್ನು ಪದೇ ಪದೇ ಸಿಟಿ ಸ್ಕ್ಯಾನ್‌ಗೆ ಸಾಗಿಸುವುದು ಅಪಾಯ. ಶಬ್ದಾತೀತ ತರಂಗದಿಂದ (ಅಲ್ಟ್ರಾಸೌಂಡ್) ರಕ್ತ ಹರಿಯುವ ವೇಗ ಅಳೆಯುವ ಡಾಪ್ಲರ್ ಯಂತ್ರ ಮಂಚದ ಪಕ್ಕಕ್ಕೇ ಬರುತ್ತದೆ.

ಮೊದಲು ಬಿಪಿ, ಕಾರ್ಬನ್ ಡೈಆಕ್ಸೈಡ್, ಹಿಮೋಗ್ಲೋಬಿನ್, ಜ್ವರ ಬರೆದುಕೊಳ್ಳಿ. ಇವಿಲ್ಲದ ಅಂಕಿ ದಾರಿ ತಪ್ಪಿಸುತ್ತದೆ. ವೆಂಟಿಲೇಟರ್ ಉಸಿರು ಹೆಚ್ಚಾಗಿ ಕಾರ್ಬನ್ ಡೈಆಕ್ಸೈಡ್ ಇಳಿದರೆ ಮೆದುಳಿನ ರಕ್ತನಾಳ ಕುಗ್ಗಿ ರಕ್ತದ ವೇಗ ತಗ್ಗುತ್ತದೆ. ರಕ್ತಹೀನತೆಯಲ್ಲಿ ವೇಗ ಏರುತ್ತದೆ. ನಮ್ಮ ಕಡೆ ರಕ್ತಹೀನ ಮಕ್ಕಳು ಕಡಿಮೆಯೇನಲ್ಲ, ಇದನ್ನು ಮರೆಯಬೇಡಿ.

2 ಮೆಗಾಹರ್ಟ್ಸ್ ಪ್ರೋಬಿಗೆ (ತಲೆಗೆ ತಾಗಿಸುವ ಹಿಡಿಕೆ) ಧಾರಾಳವಾಗಿ ಜೆಲ್ ಹಚ್ಚಿ, ಕಿವಿಯ ಮುಂದೆ, ಕೆನ್ನೆಮೂಳೆಯ ಕಮಾನಿಗಿಂತ ತುಸು ಮೇಲಕ್ಕೆ ಇಡಿ. ಶಾಲೆಗೆ ಹೋಗುವ ವಯಸ್ಸಿನವರಲ್ಲಿ ಸುಮಾರು 45–50 ಮಿ.ಮೀ. ಆಳದಲ್ಲಿ ಹುಡುಕಿ, ಕೂಸುಗಳಲ್ಲಿ ಇನ್ನೂ ಕಡಿಮೆ ಆಳದಲ್ಲಿ. ಪ್ರೋಬಿನತ್ತ ಬರುವ ಹರಿವು ಮೆದುಳಿನ ಪ್ರಮುಖ ರಕ್ತನಾಳವಾದ ಮಿಡಲ್ ಸೆರೆಬ್ರಲ್ ಧಮನಿಯದು. ಪ್ರೋಬನ್ನು ಕೂದಲೆಳೆಯಷ್ಟು ವಾಲಿಸುತ್ತಾ ಅತಿ ಹೆಚ್ಚು ವೇಗ ಸಿಕ್ಕಲ್ಲಿ ನಿಲ್ಲಿಸಿ. ಕೋನ ತಪ್ಪಿದರೆ ವೇಗ ಕಡಿಮೆಯೇ ಕಾಣುತ್ತದೆ, ಹೆಚ್ಚಾಗುವುದಿಲ್ಲ. ಎರಡೂ ಬದಿ ನೋಡಿ.

ಐದಾರು ವರ್ಷದವರಲ್ಲಿ ಸರಾಸರಿ ವೇಗ ಸೆಕೆಂಡಿಗೆ 90–100 ಸೆಂ.ಮೀ. ಆಸುಪಾಸು, ದೊಡ್ಡವರ ಕೋಷ್ಟಕ ಇಲ್ಲಿ ನಡೆಯದು. ಗರಿಷ್ಠ ವೇಗದಿಂದ ಡಯಾಸ್ಟೋಲ್ (ಹೃದಯ ಸಡಿಲಗೊಳ್ಳುವ ಹೊತ್ತು) ಕೊನೆಯ ವೇಗ ಕಳೆದು ಸರಾಸರಿಯಿಂದ ಭಾಗಿಸಿದರೆ ಪಲ್ಸಟಿಲಿಟಿ ಸೂಚ್ಯಂಕ, ಅಂದರೆ ಹರಿವಿನ ಏರಿಳಿತದ ಅಳತೆ. ಅದು 1.3 ದಾಟಿ, ಡಯಾಸ್ಟೋಲ್ ಕೊನೆಯ ವೇಗ ಸೆಕೆಂಡಿಗೆ 25 ಸೆಂ.ಮೀ.ಗಿಂತ ಇಳಿದಿದ್ದರೆ ತಲೆಯೊಳಗಿನ ಒತ್ತಡ ಏರಿರಬಹುದು. ತಕ್ಷಣ ಹಿರಿಯ ವೈದ್ಯರಿಗೆ ತಿಳಿಸಿ. ಬಿಪಿ ಕುಸಿದಾಗಲೂ, ಡಕ್ಟಸ್ (ಹುಟ್ಟಿದ ಮೇಲೆ ಮುಚ್ಚಬೇಕಾದ, ಹೃದಯದ ಬಳಿಯ ರಕ್ತನಾಳ) ಮುಚ್ಚದೆ ಉಳಿದಿದ್ದಾಗಲೂ ಇದೇ ಚಿತ್ರ ಬರುತ್ತದೆ.

ಡಯಾಸ್ಟೋಲ್‌ನಲ್ಲಿ ಹರಿವು ಹಿಮ್ಮುಖವಾದರೆ ಬಿಪಿ ಸರಿಪಡಿಸಿ ಮತ್ತೆ ನೋಡಿ. ಸಿಗ್ನಲ್ಲೇ ಸಿಗದಿದ್ದರೆ ಹರಿವಿಲ್ಲವೆಂದು ಬರೆಯಬೇಡಿ, ಮೂಳೆ ಅಡ್ಡ ಬಂದಿರಬಹುದು. ಮಿದುಳು ಸಾವಿನ ಮಾತನ್ನು ಇದೊಂದರ ಮೇಲೆ ಹೆತ್ತವರಿಗೆ ಹೇಳಲೇಬಾರದು.