ಎಸ್‌ಎಂಎಸ್‌ಗೆ "ಸಾಕು ಮಾರಾಯ್ರೆ" ಅಂತ ರಿಪ್ಲೈ ಬಂದರೆ ಏನು ಮಾಡಬೇಕು?

ನೀವು ಗ್ರಾಹಕರಿಗೆ ಕಳಿಸುವ ಆಫರ್ ಎಸ್‌ಎಂಎಸ್‌ಗೆ "ಸ್ಟಾಪ್" ಅಂತ ಒಂದೇ ಪದ ಬಂದರೆ ತಲೆನೋವಿಲ್ಲ, ಸಿಸ್ಟಮ್ಮೇ ಆ ನಂಬರನ್ನು ಪಟ್ಟಿಯಿಂದ ತೆಗೆಯುತ್ತದೆ. ಕಷ್ಟ ಶುರುವಾಗುವುದು "ಸಾಕು ಮಾರಾಯ್ರೆ", "ದಿನಾ ಯಾಕೆ ಕಳಿಸ್ತೀರಾ", "ಯಾರಿದು?" ಅಂತ ಬಂದಾಗ. ಎಷ್ಟೋ ಸಾಫ್ಟ್‌ವೇರ್‌ಗಳು ನಿಗದಿತ ಪದ ಒಂಟಿಯಾಗಿ ಬಂದರೆ ಮಾತ್ರ ಹಿಡಿಯುತ್ತವೆ. ಅದು ವಾಕ್ಯದ ಮಧ್ಯೆ ಇದ್ದರೆ, ಸ್ಪೆಲ್ಲಿಂಗ್ ತಪ್ಪಿದ್ದರೆ, ಕನ್ನಡದಲ್ಲಿದ್ದರೆ ರಿಪ್ಲೈ ಸುಮ್ನೆ ಇನ್‌ಬಾಕ್ಸ್‌ನಲ್ಲಿ ಬಿದ್ದಿರುತ್ತದೆ, ಇತ್ತ ಮುಂದಿನ ಆಫರ್ ಅದೇ ಮನುಷ್ಯನಿಗೆ ಹೋಗಿಬಿಡುತ್ತದೆ. ಅದಕ್ಕೇ ಮುಂದಿನ ಕ್ಯಾಂಪೇನ್, ಅಂದರೆ ಎಲ್ಲರಿಗೂ ಒಟ್ಟಿಗೆ ಕಳಿಸುವ ಆಫರ್ ಮೆಸೇಜ್, ಹೊರಡುವ ಮೊದಲು ಯಾರಾದರೂ ಒಬ್ಬರು ಕೂತು ರಿಪ್ಲೈಗಳನ್ನು ಓದಲೇಬೇಕು.

ಓದುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ. ಇವರಿಗೆ ಇನ್ನೊಂದು ಮೆಸೇಜ್ ಹೋದರೆ ಸಿಟ್ಟು ಬರುತ್ತದಾ? ಬರಬಹುದು ಅನ್ನಿಸಿದರೂ ಸಾಕು, ತೆಗೆದುಬಿಡಿ. ತಪ್ಪಿ ತೆಗೆದರೆ ಬೇಕಾದವರು ಮತ್ತೆ ಸೇರುತ್ತಾರೆ. ತಪ್ಪಿ ಉಳಿಸಿಕೊಂಡರೆ ಸ್ಪ್ಯಾಮ್ ಅಂತ ದೂರು ಹೋಗುತ್ತದೆ, ಹೋದ ನಂಬಿಕೆ ವಾಪಸ್ ಬರುವುದಿಲ್ಲ. ಬೈದಿದ್ದರೂ ಅಷ್ಟೇ, ಅದು "ಬೇಡ" ಅಂತಲೇ ಅರ್ಥ. "ರಾಂಗ್ ನಂಬರ್" ಅಂದರೆ ವಾದ ಬೇಡ. ನಂಬರ್ ಬೇರೆಯವರ ಕೈಗೆ ಹೋಗಿರಬಹುದು, ಹಳಬರು ಕೊಟ್ಟ ಒಪ್ಪಿಗೆ ಇವರದ್ದಲ್ಲ ಅಲ್ವಾ? "ವಾರಕ್ಕೊಂದು ಸಾಕು" ಅಂದರೆ ಹಾಗೆ ಕಳಿಸಲು ಆದರೆ ಕಳಿಸಿ, ಆಗದಿದ್ದರೆ ನಿಲ್ಲಿಸಿ.

ಎಲ್ಲಕ್ಕಿಂತ ಜಾಸ್ತಿ ಗೊಂದಲ "ಕ್ಯಾನ್ಸಲ್ ಮಾಡಿ" ಅನ್ನುವುದರಲ್ಲಿ. ಆರ್ಡರ್ ಕ್ಯಾನ್ಸಲ್ಲಾ, ಮೆಸೇಜಾ? ಇಲ್ಲಿ ಆಫರ್ ಮೆಸೇಜ್ ಮೊದಲು ನಿಲ್ಲಿಸಿ, ಆಮೇಲೆ ಒಂದೇ ಸಲ ಕೇಳಿ: "ಆಫರ್ ಮೆಸೇಜ್ ನಿಲ್ಲಿಸಿದ್ದೇವೆ. ಆರ್ಡರ್ ಕ್ಯಾನ್ಸಲ್ ಮಾಡಬೇಕಿದ್ದರೆ ಆರ್ಡರ್ ಅಂತ ರಿಪ್ಲೈ ಮಾಡಿ." ಉತ್ತರ ಬರದಿದ್ದರೆ ಮತ್ತೆ ಕೆದಕಬೇಡಿ, ಮೆಸೇಜ್ ನಿಂತೇ ಇರಲಿ. ಕೂಪನ್, "ಹೋಗಬೇಡಿ" ಅನ್ನುವ ಗೋಗರೆತ ಯಾವುದೂ ಹಾಗೆ ಕೇಳುವ ಮೆಸೇಜ್‌ನಲ್ಲಿ ಬೇಡ.

ಅಮೆರಿಕದ ನಂಬರ್‌ಗಳಿಗೆ ಕಳಿಸುವವರಿಗೆ ಇದು ಕಾನೂನಿನ ವಿಷಯವೂ ಹೌದು. ಅಲ್ಲಿ ಫೋನ್, ಮೆಸೇಜ್‌ಗಳಿಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಎಫ್‌ಸಿಸಿಯ ನಿಯಮದ ಪ್ರಕಾರ 2025ರ ಏಪ್ರಿಲ್ 11ರಿಂದ, ಅರ್ಥವಾಗುವ ಯಾವುದೇ ರೀತಿಯಲ್ಲಿ ಬೇಡ ಅಂದರೂ ಒಪ್ಪಬೇಕು, 10 ಕೆಲಸದ ದಿನಗಳೊಳಗೆ ನಿಲ್ಲಿಸಬೇಕು. ನಾವು ಹೇಳಿದ ಪದವನ್ನೇ ಟೈಪ್ ಮಾಡಿ ಅಂತ ಹಟ ಹಿಡಿಯುವ ಹಾಗಿಲ್ಲ.

ಕೊನೆಗೆ, ಅವರು ಬರೆದ ಮಾತನ್ನು ಹಾಗೇ ದಿನಾಂಕದ ಸಮೇತ ಉಳಿಸಿಡಿ. ನಂಬರನ್ನು ಬರೀ ಡಿಲೀಟ್ ಮಾಡಬೇಡಿ, "ಕಳಿಸಬಾರದು" ಅನ್ನುವ ಪಟ್ಟಿಗೆ ಹಾಕಿ. ಇಲ್ಲದಿದ್ದರೆ ಯಾರೋ ಹಳೇ ಎಕ್ಸೆಲ್ ಶೀಟ್ ಅಪ್‌ಲೋಡ್ ಮಾಡಿದ ದಿನ ತೆಗೆದ ನಂಬರ್‌ಗಳೆಲ್ಲ ಸದ್ದಿಲ್ಲದೆ ವಾಪಸ್ ಬಂದಿರುತ್ತವೆ.